ಹತ್ತು ಹೆಜ್ಜೆ ದೂರದ ಪೋಸ್ಟರು

ನನ್ನ ಅಕ್ಕನ ಮಗಳ ವಿಷಯದಲ್ಲಿ ನಾನು ನ್ಯಾಯವಂತನಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಾಲ್ಕು ವರ್ಷ ಫಾರ್ಮಸಿ ಓದಿ ಅವಳು ನನ್ನ ಔಷಧಿ ಅಂಗಡಿಯ ಕೌಂಟರಿನಲ್ಲಿ ನಿಂತ ದಿನ ನನಗೆ ಹಾಲು ಕುಡಿದಷ್ಟು ಸಂತೋಷವಾಗಿತ್ತು. ವೈದ್ಯರ ಚೀಟಿ ಅಂದರೆ ಗೊತ್ತಲ್ಲ, ಕಾಗೆ ಕಾಲು ಗುಬ್ಬಿ ಕಾಲು. ಎದುರು ಬೀದಿಯ ಡಾಕ್ಟರಂತೂ ಒಂದು ಗೆರೆ ಎಳೆದು ಮೇಲೆ ಚುಕ್ಕೆ ಇಟ್ಟರೆ ಕೆಮ್ಮಿನ ಸಿರಪ್ಪು, ಕೆಳಗೆ ಇಟ್ಟರೆ ಭೇದಿಯ ಮಾತ್ರೆ. ವರ್ಷ ತುಂಬುವುದರೊಳಗೆ ಅವಳು ಅದನ್ನೆಲ್ಲ ನನಗಿಂತ ಬೇಗ ಓದತೊಡಗಿದಳು. ಗಿರಾಕಿಗಳು ಅವಳಿಗೆ ಮಾತ್ರೆ ಮೇಡಂ ಎಂದು ಹೆಸರಿಟ್ಟರು.

ಒಂದು ದಿನ ಸ್ಟಾಕು ಜೋಡಿಸುತ್ತಲೇ ಹೇಳಿದಳು: "ಮಾವ, ನಾನು ಗ್ರಾಫಿಕ್ ಡಿಸೈನಲ್ಲಿ ಮಾಸ್ಟರ್ಸ್ ಮಾಡ್ತೀನಿ. ಸೀಟು ಸಿಕ್ಕಿದೆ."

"ಹಂಗಂದ್ರೆ?"

"ಅಕ್ಷರ, ಚಿತ್ರ, ಬಣ್ಣ ಹೊಂದಿಸೋದು. ಪೋಸ್ಟರು, ಬೋರ್ಡು, ಡಬ್ಬಿ ಮೇಲಿನ ಲೇಬಲ್ಲು..."

"ಲೇಬಲ್ಲಿಗೆ ಎರಡು ವರ್ಷ ಓದ್ಬೇಕಾ?"

"ಓದ್ಬೇಕು," ಎಂದಳು. ಹಠ ನಮ್ಮ ಮನೆಯದೇ, ಯಾರನ್ನು ಬೈಯಲಿ?

ಬೇರೆ ವಿಷಯ ಓದಿ ಬಂದವರಿಗೆ ಆ ಕಾಲೇಜಿನಲ್ಲಿ ಒಂದು ಕಟ್ಟಳೆಯಿತ್ತು. ಆರು ತಿಂಗಳಾದ ಮೇಲೆ ಅವರು ಒಂದು ಪೋಸ್ಟರ್ ಮಾಡಬೇಕು. ಡಿಸೈನು ಕಲಿಯದ ಒಬ್ಬರು ಹತ್ತು ಹೆಜ್ಜೆ ದೂರ ನಿಂತು ಅದನ್ನು ಓದಬೇಕು. ಓದಿದರೆ ಸೀಟು ಉಳಿಯಿತು, ಇಲ್ಲವಾದರೆ ಮನೆಗೆ. ಮನೆಗೆ ಅಂದರೆ ನನ್ನ ಕೌಂಟರಿಗೆ. ಅವಳು ಫೇಲಾಗಲಿ ಎಂದು ನಾನು ಬಾಯಿಬಿಟ್ಟು ಯಾರಲ್ಲೂ ಹೇಳಲಿಲ್ಲ. ಮನಸ್ಸಿನಲ್ಲಿ ಮಾತ್ರ ದಿನಕ್ಕೆ ಮೂರು ಹೊತ್ತು, ಊಟದ ನಂತರ, ಹೇಳಿಕೊಳ್ಳುತ್ತಿದ್ದೆ.

ಅವಳಿಗೆ ಬಂದ ವಿಷಯ ಬಸ್ ನಿಲ್ದಾಣದ ಕುಡಿಯುವ ನೀರು. ಮೂರು ವಾರ ಕೂತು, ನೀರು ಹರಿದ ಹಾಗೆ ಒಂದಕ್ಕೊಂದು ಹೆಣೆದುಕೊಂಡ ಅಕ್ಷರಗಳನ್ನು ಕೈಯಿಂದಲೇ ಬರೆದಳು. ಮನೆಯಲ್ಲಿ ಎಲ್ಲರಿಗೂ ತೋರಿಸಿದಳು. ನನ್ನ ಅಕ್ಕ ಆಸ್ಪತ್ರೆಯ ನರ್ಸು, ಭಾವ ರಕ್ತಪರೀಕ್ಷೆಯ ಲ್ಯಾಬಿನವರು. ಇಬ್ಬರೂ ಗಡಗಡನೆ ಓದಿದರು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುವ ಹಾಗೂ ಇರಲಿಲ್ಲ, ನಿಜವಾಗಿಯೂ ಓದಿದರು.

"ನಾಳೆ ಅಂಗಡಿ ಮುಚ್ಚಿ ಕಾಲೇಜಿಗೆ ಬಾ ಮಾವ," ಎಂದಳು. "ನಿಂಗೆ ಡಿಸೈನಿನ ಗಂಧಗಾಳಿ ಇಲ್ಲ. ಓದೋಕೆ ನೀನೇ ಸರಿ."

ದಾರಿಯುದ್ದಕ್ಕೂ ಲೆಕ್ಕ ಹಾಕಿದೆ. 'ಓದೋಕಾಗ್ತಿಲ್ಲ' ಎಂಬ ಒಂದು ಮಾತು ಸಾಕು, ಸೋಮವಾರದಿಂದ ಹುಡುಗಿ ಕೌಂಟರಿನಲ್ಲಿ. ನಾಚಿಕೆಗೇಡಿನ ಯೋಚನೆ, ಒಪ್ಪಿಕೊಳ್ಳುತ್ತೇನೆ.

ಮೂರನೇ ಮಹಡಿಯ ದೊಡ್ಡ ಕೋಣೆ, ತುಂಬ ವಿದ್ಯಾರ್ಥಿಗಳು. ಗೋಡೆಯ ಮೇಲೆ ಪೋಸ್ಟರು, ಪಕ್ಕದ ಮೇಜಿನ ಹಿಂದೆ ಪ್ರೊಫೆಸರು. ನಾನು ಹತ್ತು ಹೆಜ್ಜೆ ದೂರ ನಿಂತೆ. ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಹಿಂದಿನಿಂದ ಯಾರೋ ಪಿಸುಗುಟ್ಟಿದರು: "ಇದನ್ನ ಈ ಯಜಮಾನ್ರು ಓದ್ತಾರಾ? ಆಗೋ ಹೋಗೋ ಮಾತಲ್ಲ."

ಮೂವತ್ತು ವರ್ಷ ಚೀಟಿ ಓದಿದವನಿಗೆ ಈ ಮಾತು! "ನೀರು ಇಲ್ಲಿದೆ. ಲೋಟ ತೊಳೆದಿಡಿ. ನಲ್ಲಿ ಮರೆಯದೆ ನಿಲ್ಲಿಸಿ," ಎಂದು ಅಡಿಯ ಚಿಕ್ಕ ಸಾಲನ್ನೂ ಬಿಡದೆ ಓದಿಬಿಟ್ಟೆ.

ಪ್ರೊಫೆಸರು ಪೋಸ್ಟರಿನ ಹತ್ತಿರ ಹೋದರು, ಕನ್ನಡಕ ತೆಗೆದರು, ಹಾಕಿದರು. ಆಮೇಲೆ ನಾನು ಔಷಧಿ ಅಂಗಡಿಯವನೆಂದು ಕೇಳಿ ತಿಳಿದು, ಜೇಬಿನಿಂದ ಮಡಿಸಿದ ವೈದ್ಯರ ಚೀಟಿಯೊಂದನ್ನು ತೆಗೆದು ನನ್ನ ಮುಂದೆ ಹಿಡಿದರು. "ಇದನ್ನ ಓದಿ ನೋಡೋಣ."

"ಗ್ಯಾಸ್ಟ್ರಿಕ್ ಮಾತ್ರೆ, ಊಟಕ್ಕೆ ಮುಂಚೆ. ಇದು ಮೂಲವ್ಯಾಧಿ ಮುಲಾಮು, ಬೆಳಿಗ್ಗೆ ಸಂಜೆ. ಬಹಳ ದಿನದಿಂದ ಇದೆಯಾ ಸಾರ್?"

ಇಡೀ ಕೋಣೆ ನಕ್ಕಿತು. ಪ್ರೊಫೆಸರು ಚೀಟಿ ಕಿತ್ತುಕೊಂಡು, ಕೆಂಪಾದ ಮುಖದಲ್ಲೇ ಗೇಟಿನ ವಾಚ್‌ಮನ್ನನ್ನು ಕರೆಸಿದರು. ದಿನಾ ಪೇಪರು ಓದುವ ಮನುಷ್ಯ ಅವನು. ಪೋಸ್ಟರನ್ನು ಕತ್ತು ಓರೆ ಮಾಡಿ ನೋಡಿದ. "ಎರೆಹುಳ ಮಾರ್ತಾರಾ ಸಾರ್?"

ಹುಡುಗಿಯ ಮುಖ ಬಾಡಿತು. ನಾನು ಬೇಡಿಕೊಂಡದ್ದೇ ನನಗೆ ಸಿಕ್ಕಿತ್ತು. ಆದರೆ ಅವಳನ್ನು ಹಾಗೆ ಕರೆದುಕೊಂಡು ಹೋಗುವುದು ನನಗೆ ಬೇಡವಾಯಿತು.

"ಸಾರ್, ಚೀಟಿ ಓದೀ ಓದೀ ನಂಗೆ ಎಂಥಾ ಬರಹಾನೂ ಓದೋಕೆ ಬರುತ್ತೆ, ಅದೇ ನನ್ನ ರೋಗ," ಎಂದಳು ಅವಳು. "ಈ ವಾಚ್‌ಮನ್ನರನ್ನ ಸಂಜೆವರೆಗೆ ನನ್ನ ಪಕ್ಕ ಕೂರಿಸಿ. ಬೇರೆ ಮಾಡಿ ಕೊಡ್ತೀನಿ."

"ನಾಲ್ಕು ಗಂಟೆವರೆಗೆ. ಆಮೇಲೆ ಓದೋರು ಹೊಸಬರು," ಎಂದರು ಪ್ರೊಫೆಸರು.

ವಾಚ್‌ಮನ್ ಸ್ಟೂಲಿನ ಮೇಲೆ ರಾಜನ ಹಾಗೆ ಕೂತ. ಅವಳು ಬರೆದು ಎತ್ತಿ ಹಿಡಿಯುವುದು, ಅವನು "ಊಹೂಂ" ಅನ್ನುವುದು, ಅವಳು ಹರಿಯುವುದು. ನೆಲದ ತುಂಬ ಕಾಗದದ ಚೂರು. "ಇದು ಚೆನ್ನಾಗಿದೆಯಲ್ಲೇ" ಎಂದು ನಾನು ಬಾಯಿ ಹಾಕಿದಾಗಲೆಲ್ಲ ಅವಳು ಅದನ್ನು ಮೊದಲು ಹರಿದಳು. ಕೊನೆಗೆ ಉಳಿದದ್ದು 'ನೀರು' ಎಂಬ ಒಂದೇ ಒಂದು ದಪ್ಪ ಪದ, ಅದರ ಕೆಳಗೊಂದು ಬಾಣ.

ನಾಲ್ಕಕ್ಕೆ ಗೋಡೆಗೆ ಹಚ್ಚಿದರು. ಹೊಸ ಓದುಗರನ್ನು ಎಲ್ಲಿಂದ ತರುವುದು ಎಂದು ಪ್ರೊಫೆಸರು ಯೋಚಿಸುತ್ತಿದ್ದಾಗ, ದೊಡ್ಡ ಪೆಟ್ಟಿಗೆ ಹೊತ್ತು ಕೊರಿಯರ್ ಹೆಂಗಸು ಬಾಗಿಲಲ್ಲಿ ಕಾಣಿಸಿಕೊಂಡಳು. ಮೂರು ಮಹಡಿ ಹತ್ತಿ ಬೆವರಿಳಿಯುತ್ತಿತ್ತು. ಪ್ರೊಫೆಸರು ಕೈಯೆತ್ತಿದರು. "ನೋಡಮ್ಮಾ, ಒಂದು ನಿಮಿಷ, ಅಲ್ಲೇ ನಿಂತು..."

ಅವಳು ನಿಲ್ಲಲಿಲ್ಲ. ಗೋಡೆ ನೋಡಿದಳು, ಪೆಟ್ಟಿಗೆ ಇಳಿಸಿದಳು, ಬಾಣ ತೋರಿಸಿದ ಕಡೆ ಸೀದಾ ನಡೆದಳು. ಅಲ್ಲಿದ್ದದ್ದು ಪ್ರೊಫೆಸರರ ಮೇಜು, ಮೇಜಿನ ಮೇಲೆ ಅವರ ಬಾಟಲಿ. ಎತ್ತಿ ಗಟಗಟನೆ ಪೂರ್ತಿ ಕುಡಿದಳು.

"ಅಯ್ಯೋ, ಅದು ನನ್ನದು! ನಿಮಗೆ ಓದಿ ಅಂತ ಹೇಳ್ಬೇಕು ಅಂತಿದ್ದೆ!"

"ಓದಿದ್ನಲ್ಲ ಸಾರ್," ಎಂದು ಅವಳು ಬಾಯಿ ಒರೆಸಿಕೊಂಡಳು. "ಪುಣ್ಯ ಬರ್ಲಿ ನಿಮಗೆ. ಇಲ್ಲಿ ಸೈನ್ ಹಾಕಿ."

ಪ್ರೊಫೆಸರು ಅವಳ ಚೀಟಿಗೂ ಹುಡುಗಿಯ ಪರೀಕ್ಷೆಯ ಹಾಳೆಗೂ ಸಹಿ ಹಾಕಿದರು. ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವನು ನಾನು. ಕಣ್ಣಲ್ಲಿ ನೀರು ಬಂದಿತ್ತು. ಕೌಂಟರು ಖಾಲಿಯಾಯಿತೆಂದಲ್ಲ, ಹುಡುಗಿ ಗೆದ್ದಳೆಂದೇ.