ಬೀಸುವ ಕಲ್ಲಿನಂತೆ ತಿರುಗಿಸಿದ ಪೆಡಲು

ನಿಮ್ಮ ತಂದೆ ಒಂದು ದಿನ ಬೆಳಿಗ್ಗೆ ಬಗಲಲ್ಲಿ ರಟ್ಟಿನ ಪೆಟ್ಟಿಗೆ ಹಿಡಿದುಕೊಂಡು ನಮ್ಮ ಬೋಗಾದಿ ಮನೆಗೆ ಬಂದರು. ಒಳಗಿದ್ದದ್ದು ಸೈಕಲ್ಲಿನ ಒಂದು ತುಂಡು. ಚಕ್ರವಿಲ್ಲ, ಹ್ಯಾಂಡಲ್ ಇಲ್ಲ, ಕೂರುವುದಕ್ಕೆ ಸೀಟೂ ಇಲ್ಲ. ಕಬ್ಬಿಣದ ಕಾಲುಗಳ ನಡುವೆ ಎರಡು ಪೆಡಲು, ಮೇಲೆ ಬಿಗಿ ಮಾಡಲು ಸಡಿಲಿಸಲು ಒಂದು ಕಪ್ಪು ತಿರುಪು, ಅಷ್ಟೇ. “ಅತ್ತೆ, ಇದು ನಿಮ್ಮ ಮಂಡಿಗೆ” ಎಂದು ಅದನ್ನು ಇಟ್ಟು, ಕಾಫಿ ಕುಡಿದು, ಹೂಟಗಳ್ಳಿಯ ಕಾರ್ಖಾನೆಗೆ ಹೊತ್ತಾಯಿತೆಂದು ಹೊರಟರು. ನಾನು ಬಾಗಿಲ ಹಿಂದೆ ನಿಂತು ತಲೆಯಾಡಿಸಿದೆ. ಅಳಿಯನ ಎದುರು ನಿಂತು ಇದನ್ನು ಹೇಗೆ ಬಳಸುವುದು ಎಂದು ಕೇಳುವಷ್ಟು ಬಾಯಿ ನನಗೆ ಆಗಲೂ ಇರಲಿಲ್ಲ, ಈಗಲೂ ಇಲ್ಲ.

ಆ ಮಳೆಗಾಲದಲ್ಲಿ ಹಿತ್ತಿಲಿನ ಒಗೆಯುವ ಕಲ್ಲಿನ ಹತ್ತಿರ ಪಾಚಿಯ ಮೇಲೆ ಜಾರಿ ಬಿದ್ದು ನನ್ನ ಬಲ ಮಂಡಿಯ ಚಿಪ್ಪು ಬಿರುಕು ಬಿಟ್ಟಿತ್ತು. ಪ್ಲಾಸ್ಟರ್ ಬಿಚ್ಚಿದಾಗ ಕಾಲು ನನ್ನದಲ್ಲವೇನೋ ಅನ್ನಿಸಿತು. ಪೂರ್ತಿ ಮಡಚುವುದಿಲ್ಲ, ಪೂರ್ತಿ ಚಾಚುವುದೂ ಇಲ್ಲ. ಮಂಚದ ಮೇಲೆ ಕಾಲು ನೀಡಿದರೆ ಎಡ ಮಂಡಿ ಹಾಸಿಗೆಗೆ ತಾಗುತ್ತಿತ್ತು, ಬಲ ಮಂಡಿ ಗುಡ್ಡದಂತೆ ಮೇಲೆದ್ದು ನಿಂತಿರುತ್ತಿತ್ತು. ನೋವನ್ನು ಹೇಗೋ ಸಹಿಸಬಹುದಿತ್ತು. ನನಗೆ ಚಿಂತೆಯಿದ್ದದ್ದು ಬೇರೆ. ನಿಮ್ಮ ತಾಯಿ ಚೊಚ್ಚಲ ಬಸುರಿ, ಹೆರಿಗೆಗೆಂದು ಬಂದು ನನ್ನ ಜೊತೆಯಲ್ಲೇ ಇದ್ದಳು. ಹುಟ್ಟುವ ಮಗುವಿಗೆ ನೀರು ಹಾಕಬೇಕಾದವಳು ನಾನು.

ನೀರು ಹಾಕುವುದೆಂದರೆ ಈಗಿನ ಹಾಗೆ ಪ್ಲಾಸ್ಟಿಕ್ ತೊಟ್ಟಿಯಲ್ಲಿ ಅಲ್ಲ. ಬಚ್ಚಲಲ್ಲಿ ಗಿಡ್ಡ ಮಣೆಯ ಮೇಲೆ ಕೂತು, ಎರಡು ಕಾಲನ್ನೂ ಜೋಡಿಸಿ ಚಾಚಿ, ಆ ಕಾಲುಗಳ ಮೇಲೆ ಮಗುವನ್ನು ಮಲಗಿಸಿಕೊಳ್ಳಬೇಕು. ಕಾಲುಗಳೇ ಅದಕ್ಕೆ ತೊಟ್ಟಿಲು. ಎರಡೂ ಸಮನಾಗಿದ್ದರೆ ಮಗು ನಿಲ್ಲುತ್ತದೆ, ಒಂದು ಏರಿ ಒಂದು ಇಳಿದಿದ್ದರೆ ಎಣ್ಣೆ ಹಚ್ಚಿದ ಮಗು ಮೀನಿನ ಹಾಗೆ ಜಾರುತ್ತದೆ. ಊರಿನಲ್ಲಿದ್ದಾಗ ನಮ್ಮ ಬೀದಿಯ ಎಷ್ಟೋ ಮಕ್ಕಳು ನನ್ನ ಕಾಲ ಮೇಲೆ ಮಲಗಿ ಅತ್ತಿದ್ದವು. ನಾಲ್ಕು ಜನರೆದುರು ಮಾತಾಡಲು ಬಾರದ ನನಗೆ ಇದೊಂದು ಕೆಲಸದಲ್ಲಿ ಮಾತ್ರ ಅಂಜಿಕೆ ಇರಲಿಲ್ಲ. ಈಗ ನನ್ನ ಸ್ವಂತ ಮೊಮ್ಮಗುವಿಗೇ ನೀರು ಹಾಕಲಾಗದೆ ಹೋದರೆ ಎನ್ನುವುದನ್ನು ನೆನೆದರೆ ಅನ್ನ ಇಳಿಯುತ್ತಿರಲಿಲ್ಲ.

ಆಸ್ಪತ್ರೆಯಲ್ಲಿ ವ್ಯಾಯಾಮ ಹೇಳಿಕೊಡುವ ಡಾಕ್ಟರಮ್ಮ, “ಪೆಡಲ್ ತಗೊಳ್ಳಿ, ಬೆಳಿಗ್ಗೆ ಸಂಜೆ ತಿರುಗಿಸಿ” ಎಂದಷ್ಟೇ ಹೇಳಿದ್ದರು. ಪೆಟ್ಟಿಗೆಯ ಮೇಲೆ ಎರಡು ಚಿತ್ರಗಳಿದ್ದವು. ಒಂದರಲ್ಲಿ ಚಡ್ಡಿ ಹಾಕಿದ ಗಂಡಸು ಕುರ್ಚಿಯಲ್ಲಿ ಕೂತು ಕಾಲಿನಿಂದ ತುಳಿಯುತ್ತಿದ್ದ. ಇನ್ನೊಂದರಲ್ಲಿ ಒಬ್ಬ ಹೆಂಗಸು ಅದನ್ನು ಮೇಜಿನ ಮೇಲೆ ಇಟ್ಟುಕೊಂಡು ಕೈಯಿಂದ ತಿರುಗಿಸುತ್ತಿದ್ದಳು. ನನಗೆ ಸಮಾಧಾನವಾಯಿತು. ಗಂಡಸರಿಗೆ ಕಾಲಲ್ಲಿ, ಹೆಂಗಸರಿಗೆ ಕೈಯಲ್ಲಿ, ಪರವಾಗಿಲ್ಲ, ಮಾನವಂತರೇ ಇದನ್ನು ಮಾಡಿದ್ದಾರೆ ಅಂದುಕೊಂಡೆ. ಹಳ್ಳಿಯ ಶಾಲೆಯಲ್ಲಿ ಓದುವಾಗ ಸೈಕಲ್ ಮುಟ್ಟಿದ ಹುಡುಗಿಯನ್ನು ನಾನು ಕಂಡಿರಲಿಲ್ಲ. ಸೀರೆ ಮೇಲಕ್ಕೆ ಸರಿಯುವಂತೆ ಕಾಲು ಆಡಿಸುವುದನ್ನು ಯೋಚಿಸುವುದೂ ನನ್ನಿಂದ ಆಗದು. ಮೇಲಾಗಿ ನಮ್ಮ ಮಹಡಿಯ ಬಾಡಿಗೆ ಹುಡುಗರು ಕಾಲೇಜಿಗೆ ಹೋಗುವಾಗ ಬರುವಾಗ ಕಿಟಕಿಯ ಮುಂದೆಯೇ ಹಾಯಬೇಕು.

ಕೈ ತಿರುಗಿಸಿದರೆ ಮಂಡಿಗೆ ಏನು ಬಂತು ಎಂದು ನೀವು ಕೇಳುತ್ತೀರಿ. ರಾಗಿ ಬೀಸಿದವರಿಗೆ ಆ ಅನುಮಾನ ಬರುವುದಿಲ್ಲ. ಬೀಸುವ ಕಲ್ಲಿನ ಗೂಟ ಹಿಡಿದು ತಿರುಗಿಸಿದರೆ ಭುಜ, ಸೊಂಟ, ತೊಡೆ ಎಲ್ಲ ಅಲುಗಿ ಮೈಯೆಲ್ಲ ಬೆವರುತ್ತದೆ. ಬೆವರು ಬಂದರೆ ಕೀಲು ಸಡಿಲವಾಗದೆ ಇರುತ್ತದೆಯೇ? ಹಿಂದಿನ ಕೋಣೆಯಲ್ಲಿ ಟ್ರಂಕಿನ ಮೇಲೆ ಅದನ್ನು ಇಟ್ಟು, ಬಾಗಿಲು ಹಾಕಿಕೊಂಡು, ಮಗಳು ಮಲಗಿದ ಹೊತ್ತಿನಲ್ಲಿ ತಿರುಗಿಸತೊಡಗಿದೆ. ಎದ್ದ ಮೇಲೆ ಅವಳು “ಅಮ್ಮ, ಪೆಡಲ್ ಮಾಡಿದ್ಯಾ?” ಎಂದು ಕೇಳುವಳು. “ಮಾಡ್ದೆ ಕಣಮ್ಮ” ಎನ್ನುವೆ.

ಒಂದು ಮಧ್ಯಾಹ್ನ ನಿಮ್ಮ ಕೆಸರೆಯ ಅಜ್ಜಿ, ಎಂದರೆ ನಿಮ್ಮ ತಂದೆಯ ತಾಯಿ, ಬಸುರಿ ಸೊಸೆಗೆಂದು ಎಳ್ಳುಂಡೆ ಕಟ್ಟಿಕೊಂಡು ಬಂದರು. ಅವರಿಗೆ ಬಾಗಿಲು ತಟ್ಟುವ ಅಭ್ಯಾಸವಿಲ್ಲ. ನೇರ ಕೋಣೆಗೇ ನುಗ್ಗಿದರು.

“ಇದೇನ್ರೀ ಬೀಗ್ತಿ, ಬಾಗ್ಲಾಕ್ಕೊಂಡು ರಾಗಿ ಬೀಸ್ತಾ ಕೂತ್ಬುಟ್ಟಿದ್ದೀರಾ? ಹಿಟ್ಟೆಲ್ಲಿ?”

“ಮಂಡಿಗೆ ಕಣ್ರೀ” ಎಂದು ಮೆಲ್ಲಗೆ ಹೇಳಿ ಪೆಟ್ಟಿಗೆಯ ಚಿತ್ರ ತೋರಿಸಿದೆ.

ಅವರು ಕಣ್ಣು ಕಿರಿದು ಮಾಡಿ ನೋಡಿದರು. “ಹೂಂ, ಇವ್ಳೂ ಕೈಯಲ್ಲೇ ತಿರುಗಿಸ್ತಾವ್ಳೆ. ಸರಿ, ಒಬ್ರೇ ಬೀಸಿದ್ರೆ ಎಂಗೆ? ಸರೀರಿ ಅತ್ಲಾಗೆ.”

ಎದುರಿಗೆ ಸ್ಟೂಲು ಎಳೆದುಕೊಂಡು ಒಂದು ಪೆಡಲು ಅವರು ಹಿಡಿದರು, ಇನ್ನೊಂದು ನಾನು. ಬೀಸುವ ಕಲ್ಲಿಗೆ ಇಬ್ಬರು ಕೂರುವ ಹಾಗೆಯೇ. ಅವರು ಎಳೆದರೆ ನಾನು ತಳ್ಳಬೇಕು, ನಾನು ಎಳೆದರೆ ಅವರು. ಮದುವೆಯಲ್ಲಿ ತಾಂಬೂಲ ಬದಲಾಯಿಸಿಕೊಂಡಿದ್ದು ಬಿಟ್ಟರೆ ಅವರ ಜೊತೆ ನಾನು ಅಷ್ಟು ಹೊತ್ತು ಕೂತದ್ದು ಅದೇ ಮೊದಲು. ಹಳೆಯ ಸೊಸೆತನದ ಕಷ್ಟಗಳೆಲ್ಲ ಇಬ್ಬರ ಬಾಯಿಂದಲೂ ಹಿಟ್ಟಿನಂತೆ ಉದುರಿದವು. ಕೊನೆಗೆ ಅವರು ಕೈ ನಿಲ್ಲಿಸಿ ಹೇಳಿದರು: “ಒಂದ್ಮಾತು, ಬೇಜಾರ್ ಮಾಡ್ಕೋಬೇಡಿ. ನೀರಾಕಕ್ಕೆ ನಿಮ್ ಕೈಲಿ ಆಗ್ದಿದ್ರೆ ಹೇಳ್ಬುಡಿ. ನಮ್ಮ ಕಡೆ ಒಬ್ಬಾಕೆ ಅವ್ಳೆ, ಮನೆಮನೆಗೆ ಹೋಗಿ ನೀರಾಕ್ತಾಳೆ. ಗೊತ್ತು ಮಾಡ್ಬುಡ್ತೀನಿ.”

ಅವರು ಒಳ್ಳೆಯದಕ್ಕೇ ಹೇಳಿದ್ದು. ಆದರೂ ನನಗೆ ಕಣ್ಣು ತುಂಬಿತು. “ಆಗುತ್ತೆ” ಎಂದೆ. ಅಷ್ಟು ಗಟ್ಟಿಯಾಗಿ ನಾನು ಯಾರಿಗೂ ಹೇಳಿದವಳಲ್ಲ.

ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಡಾಕ್ಟರಮ್ಮ ನನ್ನ ಕಾಲನ್ನು ಮಡಚಿ ಚಾಚಿ ನೋಡಿ ಮುಖ ಸಣ್ಣಗೆ ಮಾಡಿಕೊಂಡರು. “ಏನೂ ಬದಲಾಗಿಲ್ಲವಲ್ಲಮ್ಮ? ನಿಜವಾಗಿಯೂ ಪೆಡಲ್ ಮಾಡ್ತಿದ್ದೀರಾ?”

“ದಿನಾ ಮಾಡ್ತೀನಿ ತಾಯಿ.”

“ಹೇಗೆ ಮಾಡ್ತೀರಾ, ತೋರಿಸಿ.”

ನಾನು ಎರಡು ಕೈಯನ್ನೂ ಮುಂದೆ ಚಾಚಿ ಗಾಳಿಯಲ್ಲಿ ಬೀಸಿ ತೋರಿಸಿದೆ. “ಅಯ್ಯೋ, ಅದನ್ನ ಕಾಲಲ್ಲಿ ತುಳೀಬೇಕಮ್ಮ!” ಎಂದರು ಡಾಕ್ಟರಮ್ಮ. ಪಕ್ಕದಲ್ಲಿದ್ದ ನಿಮ್ಮ ತಾಯಿ ಹೊಟ್ಟೆ ಹಿಡಿದುಕೊಂಡು ನಗಲು ಶುರುಮಾಡಿದವಳು, “ಅಮ್ಮ, ಸಾಕು, ಇಲ್ಲೇ ಹೆರಿಗೆ ಆಗ್ಬುಡುತ್ತೆ” ಎಂದು ಗೋಡೆಗೆ ಒರಗಿದಳು. ನನಗೆ ನಗು ಬರಲಿಲ್ಲ. ಅವಳಿಗೆ ಆಗಲೇ ಒಂಬತ್ತು ತುಂಬುತ್ತಾ ಬಂದಿತ್ತು. ಅಷ್ಟು ದಿನ ವ್ಯರ್ಥವಾಗಿ ಹೋಗಿತ್ತು.

ಸುದ್ದಿ ಕೇಳಿದ ಬೀಗಿತಿ ಮರುದಿನವೇ ಬಟ್ಟೆ ಚೀಲ ಹಿಡಿದು ಉಳಿಯಲು ಬಂದರು. ಪೆಡಲನ್ನು ಟ್ರಂಕಿನಿಂದ ಇಳಿಸಿ ನಡುಮನೆಯಲ್ಲಿ ಕುರ್ಚಿಯ ಮುಂದೆ ಇಟ್ಟರು. ನಾನು ಕಿಟಕಿಯ ಕಡೆ ನೋಡಿದೆ.

“ಯಾರ್ ನೋಡ್ತಾರ್ರೀ ನಿಮ್ ಕಾಲ್ನ? ಆ ಉಡುಗ್ರಿಗೆ ಪರೀಕ್ಷೆ ಕಣ್ರೀ, ಅವ್ರ ಪುಸ್ತಕಾನೇ ಅವ್ರು ನೋಡಲ್ಲ!”

ಆದರೂ ನಿಮ್ಮ ತಾತನ ಹಳೆಯ ಪಂಚೆಯೊಂದನ್ನು ತಂದು ನನ್ನ ಮಡಿಲಿನಿಂದ ಪಾದದವರೆಗೆ ಹೊದಿಸಿದರು. ತಾತ ತೀರಿಕೊಂಡ ಮೇಲೆ ಅವರ ಪಂಚೆಗಳನ್ನು ನಾನು ಬಿಚ್ಚಿರಲೇ ಇಲ್ಲ. ಅದರೊಳಗೆ ಕಾಲಿಟ್ಟು ತುಳಿದೆ. ಮೊದಲ ಸುತ್ತು ಅರ್ಧಕ್ಕೇ ನಿಂತಿತು. ಮಂಡಿಯೊಳಗೆ ಒಣ ತೆಂಗಿನ ಗರಿ ಮುರಿದಂತೆ ಸದ್ದು. “ಹಿಂದಕ್ಕೆ ತುಳೀರಿ, ಆಮೇಲ್ ಮುಂದಕ್ಕೆ” ಎಂದು ಬೀಗಿತಿ ನೆಲದ ಮೇಲೆ ಕೂತು ಪೆಡಲನ್ನು ಕೈಯಿಂದ ದೂಡಿಕೊಟ್ಟರು. ಯಂತ್ರ ಮುಂದೆ ಸರಿಯದ ಹಾಗೆ ಅದರ ಕಾಲಿಗೆ ರುಬ್ಬುಗುಂಡು ಅಡ್ಡ ಇಟ್ಟರು. ನಾಲ್ಕಾರು ದಿನದಲ್ಲಿ ಪೂರ್ತಿ ಸುತ್ತು ಬಂತು. ಆಮೇಲೆ ನಾನು ಸೊಪ್ಪು ಸೋಸುತ್ತಲೂ ತುಳಿದೆ, ಅವರೆಕಾಯಿ ಸುಲಿಯುತ್ತಲೂ ತುಳಿದೆ. ಹುಡುಗರು ಕಿಟಕಿಯ ಮುಂದೆ ಹಾದರೆ ನಿಲ್ಲಿಸುತ್ತಿದ್ದೆ. ಕೊನೆಗೆ ಅದನ್ನೂ ಬಿಟ್ಟೆ.

ನಿಮ್ಮಲ್ಲಿ ದೊಡ್ಡವಳು ಹುಟ್ಟಿ ಮನೆಗೆ ಬಂದಳು. ಹೊಕ್ಕಳು ಬಿದ್ದ ಮೇಲೆ ನೀರು ಹಾಕುವ ದಿನ ಬಂತು. ನೀರು ಹಾಕುವ ಕೆಸರೆಯ ಆ ಹೆಂಗಸಿಗೆ ಬೀಗಿತಿ ಒಂದು ಮಾತು ಹೇಳಿಟ್ಟಿದ್ದರು, ಹೇಳಿ ಕಳಿಸಿದರೆ ಬರುತ್ತಾಳೆಂದು. ನನಗೆ ಅದು ಗೊತ್ತಿತ್ತು. ಹಂಡೆಯ ನೀರು ಕಾದಿತ್ತು. ಗೋಡೆ ಹಿಡಿದು ಮೆಲ್ಲಗೆ ಮಣೆಯ ಮೇಲೆ ಇಳಿದು ಕಾಲು ಚಾಚಿದೆ. ಬಲ ಮಂಡಿ ಇನ್ನೂ ಸ್ವಲ್ಪ ಎದ್ದೇ ಇತ್ತು. ಟವಲ್ ಮಡಿಸಿ ಎಡ ಮಂಡಿಯ ಕೆಳಗೆ ಇಟ್ಟು ಎರಡನ್ನೂ ಸಮ ಮಾಡಿಕೊಂಡೆ. “ಕೊಡಿ” ಎಂದೆ. ನಿಮ್ಮ ತಾಯಿ ಬಾಗಿಲಲ್ಲಿ ನಿಂತಿದ್ದಳು. ಎಣ್ಣೆ ಹಚ್ಚಿದ ಮಗು ನನ್ನ ಕಾಲ ಮೇಲೆ ಬಂತು. ಅತ್ತಿತು, ಒದೆಯಿತು, ಆದರೆ ಜಾರಲಿಲ್ಲ. ಬೋರಲು ಹಾಕಿದೆ. ಬೆನ್ನಿಗೆ ಬಿಸಿನೀರು ಬಿದ್ದೊಡನೆ ಅಳು ನಿಲ್ಲಿಸಿ ತಲೆ ವಾಲಿಸಿತು.

ನೀರು ಹೊಯ್ಯುತ್ತಿದ್ದ ಬೀಗಿತಿ, “ಆಕೆಗೆ ಬರ್ಬೇಡ ಅಂದ್ಬುಡ್ತೀನಿ” ಎಂದರು.

ನಿಮ್ಮ ತಾಯಿ ಮಗುವನ್ನು ಸುತ್ತಿಕೊಂಡು ಒಳಗೆ ಹೋದಳು. ನಾನು ಏಳಲು ನೋಡಿದೆ. ಆಗಲಿಲ್ಲ. ಇಳಿಯುವುದನ್ನು ಕಲಿತ ಮಂಡಿ ಏಳುವುದನ್ನು ಇನ್ನೂ ಕಲಿತಿರಲಿಲ್ಲ. ಒದ್ದೆ ಸೀರೆಯಲ್ಲಿ ಬಚ್ಚಲಲ್ಲಿ ಕೂತಿದ್ದ ನನಗೆ ನಗು ಬಂದುಬಿಟ್ಟಿತು. ಬೀಗಿತಿ ಚೊಂಬು ಕೆಳಗಿಟ್ಟು ನನ್ನ ಎರಡು ಕಂಕುಳಿಗೂ ಕೈ ಕೊಟ್ಟರು.

“ಏಳಿ ಏಳಿ, ಶೀತ ಆದೀತು. ನಾಳೆ ನೀರಾಕೋರು ಯಾರು, ನಾನಾ?”