ಮಾವನ ಅಂಟು, ಅತ್ತೆಯ ಚಾಕೊಲೇಟ್

ನಮ್ಮ ಮಾವನವರು ದಿನಕ್ಕೆ ಎಷ್ಟು ಮಾತಾಡುತ್ತಾರೆ ಎಂದು ಕೇಳಿದರೆ, ಎಣಿಸಲು ಕೈಬೆರಳು ಸಾಕು ಎನ್ನುತ್ತೇನೆ. ಮುರಿದ ಕುರ್ಚಿ, ಮೇಜು, ಕಪಾಟುಗಳನ್ನು ರಿಪೇರಿ ಮಾಡುವುದು ಅವರ ಕೆಲಸ. ಮನೆಯ ಹಿಂದಿನ ಶೆಡ್ಡೇ ಅವರ ಅಂಗಡಿ. ನಾನು ಸೊಸೆಯಾಗಿ ಬಂದ ಮೊದಲ ವರ್ಷ, ಇವರಿಗೆ ನನ್ನ ಮೇಲೆ ಏನೋ ಸಿಟ್ಟಿದೆ ಎಂದೇ ತಿಳಿದಿದ್ದೆ. ಅತ್ತೆಯ ಹತ್ತಿರ ಹೇಳಿಕೊಂಡರೆ ಅವರು ನಕ್ಕುಬಿಟ್ಟರು.

"ಸಿಟ್ಟೂ ಇಲ್ಲ, ಸೆಡವೂ ಇಲ್ಲ ಕಣೆ. ಹೊಸದರಲ್ಲಿ ನಾನೂ ಹಾಗೇ ಅಂದ್ಕೊಂಡು ಕೋಪ ಮಾಡ್ಕೊಂಡು ತವರಿಗೆ ಹೋಗಿದ್ದೆ. ನಾನು ಕೋಪ ಮಾಡ್ಕೊಂಡಿದ್ದೇ ಇವರಿಗೆ ಗೊತ್ತಾಗಲಿಲ್ಲ. ನಾನೇ ವಾಪಸ್ ಬಂದೆ."

ಅತ್ತೆಯದು ಬಾಯಿಯೂ ಸುಮ್ಮನಿರದು, ಕೈಯೂ ಸುಮ್ಮನಿರದು. ಕೋಟು ಹೊಲಿಯುವ ದೊಡ್ಡ ಅಂಗಡಿಯೊಂದಕ್ಕೆ ಅವರು ಕೈಯಲ್ಲೇ ಕಾಜಾ ಹೊಲಿದುಕೊಡುತ್ತಿದ್ದರು. ಗುಂಡಿ ತೂರಿಸುವ ಸಣ್ಣ ಸೀಳಿನ ಸುತ್ತ ಒಂದರ ಪಕ್ಕ ಒಂದರಂತೆ ಗಂಟು ಹಾಕುವ ಕೆಲಸ. ಆ ಅಂಗಡಿಯಲ್ಲಿ ಅವರ ಕಾಜಾವನ್ನು ಮುಟ್ಟಿ ನೋಡಿಯೇ ಗುರುತಿಸುವವರಿದ್ದರು. ಎರಡು ವರ್ಷದ ಹಿಂದೆ ಎರಡೂ ಕಣ್ಣಿಗೆ ಪೊರೆ ಬರತೊಡಗಿತು. ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮೊದಲು ನಾನು ಇಪ್ಪತ್ತು ಸೂಜಿಗೆ ದಾರ ಪೋಣಿಸಿ ದಿಂಬಿಗೆ ಚುಚ್ಚಿಟ್ಟು ಹೋಗುತ್ತಿದ್ದೆ. ಆಮೇಲೆ ಅದೂ ಸಾಲದಾಯಿತು. ಕಪ್ಪು ಬಟ್ಟೆಯ ಮೇಲೆ ಕಪ್ಪು ದಾರ ಅವರಿಗೆ ಕಾಣದು. ಒಂದು ದಿನ ಅಂಗಡಿಯಿಂದ ಆರು ಕೋಟು ವಾಪಸ್ ಬಂದವು. ಅತ್ತೆ ಅವನ್ನು ಮಡಿಲಲ್ಲಿಟ್ಟುಕೊಂಡು ಸಂಜೆಯವರೆಗೆ ಮಾತಿಲ್ಲದೆ ಕೂತಿದ್ದರು. ಆ ಮನೆಯಲ್ಲಿ ಅತ್ತೆಯೂ ಮಾತು ಬಿಟ್ಟರೆ ಹೇಗಿರುತ್ತದೆ ಎಂದು ಅಂದೇ ನನಗೆ ಗೊತ್ತಾದದ್ದು.

ಕಣ್ಣಿನ ಡಾಕ್ಟರು ಆಪರೇಷನ್ ಮಾಡಲು ತಯಾರಿದ್ದರು. ಆದರೆ ಅತ್ತೆಯ ರಕ್ತದಲ್ಲಿ ಸಕ್ಕರೆ ಮೇಲೇರಿ ಕೂತಿತ್ತು. "ಮೂರು ತಿಂಗಳು ಟೈಮ್ ಕೊಡ್ತೀನಿ. ಸಕ್ಕರೆ ಇಳಿಸ್ಕೊಂಡು ಬನ್ನಿ. ಇಳೀದೆ ನಾನು ಕಣ್ಣಿಗೆ ಕೈ ಹಾಕಲ್ಲ," ಎಂದರು.

ಮಾತ್ರೆ ನುಂಗಿದರು, ನಡೆದರು, ಅನ್ನ ಕಡಿಮೆ ಮಾಡಿದರು. ಆದರೂ ಸಕ್ಕರೆ ಇಳಿಯದು. ನಾನು ಲಾಂಡ್ರಿಯ ಕೌಂಟರಿನಲ್ಲಿ ನಿಲ್ಲುವವಳು. ಯಾವ ಬಟ್ಟೆ ಕೈಗೆ ಬಂದರೂ ಮೊದಲು ಜೇಬಿಗೆ ಕೈ ಹಾಕುವುದು ನನ್ನ ರೂಢಿ. ಒಂದು ಭಾನುವಾರ ಅತ್ತೆಯ ಸ್ವೆಟರ್ ತೊಳೆಯಲು ತೆಗೆದರೆ ಜೇಬಿನಲ್ಲಿ ಚಾಕೊಲೇಟಿನ ಹೊಳೆಯುವ ಕಾಗದಗಳು, ಒಂದಲ್ಲ, ಒಂಬತ್ತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯಿತಂತೆ. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ, ಬಾಯಿಗೆ ಬಂದದ್ದೆಲ್ಲ ಅಂದುಬಿಟ್ಟೆ. ಅತ್ತೆ ತಲೆ ತಗ್ಗಿಸಿ, "ಏನು ಮಾಡ್ಲಿ ಹೇಳು. ಹೊಲಿಗೆ ಹೋಯ್ತು, ಇದೊಂದು ಉಳಿದಿತ್ತು," ಎಂದರು. ನನ್ನ ನಾಲಿಗೆ ಬಿದ್ದುಹೋಗಬಾರದೇ ಅನ್ನಿಸಿತು.

ಮರುದಿನವೇ ಆಸ್ಪತ್ರೆಯ ಪಥ್ಯದ ಮೇಡಂ ಹತ್ತಿರ ಹೋಗಿ ಕೂತೆ. ಅವರು ಒಂದು ಕಾಗದ ಕೊಟ್ಟರು. ಸಕ್ಕರೆಯಿಲ್ಲದ ಕೋಕೋ ಪುಡಿ, ಕೆನೆ, ಸಿಹಿಗೆ ನಾಲ್ಕು ಹನಿ ಸ್ಟೀವಿಯಾ, ಗಟ್ಟಿಯಾಗಲು ಜೆಲಾಟಿನ್. ಊಟದ ನಂತರ ದಿನಕ್ಕೊಂದು ಸಣ್ಣ ಬಟ್ಟಲು ತಿನ್ನಬಹುದು, ಬೇರೆ ಸಿಹಿ ಮುಟ್ಟಬಾರದು ಎಂದರು.

ನಾನು ಕುದಿಯುವ ಕೆನೆಗೆ ಜೆಲಾಟಿನ್ ಪುಡಿಯನ್ನು ಸುರಿದೆ. ಅದು ಗಂಟು ಗಂಟಾಗಿ ಸೌಟಿಗೆ ಮೆತ್ತಿಕೊಂಡಿತು. ಮರುದಿನ ಆ ಗಂಟುಗಳು ಕರಗಲೆಂದು ಅರ್ಧ ಗಂಟೆ ಕುದಿಸಿದೆ. ಗಂಟು ಹೋಯಿತು, ಆದರೆ ಫ್ರಿಜ್ಜಿನಲ್ಲಿ ಎರಡು ದಿನ ಇಟ್ಟರೂ ಅದು ಸರಿಯಾಗಿ ಗಟ್ಟಿಯಾಗಲಿಲ್ಲ, ಗಂಜಿಯಂತೆ ಅಲುಗಾಡುತ್ತಿತ್ತು. "ಪ್ಯಾಕೆಟ್ಟೇ ಸರಿಯಿಲ್ಲ," ಎಂದೆ. ಅತ್ತೆ ಬಿಡುತ್ತಾರೆಯೇ? "ಹೌದು ಹೌದು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ," ಎಂದರು.

ಮೂರನೆಯ ಸಲ ನಾನು ಪಾತ್ರೆಯನ್ನು ಒಲೆಯ ಮೇಲಿಟ್ಟಾಗ ಮಾವ ಕುಡಿಯುವ ನೀರಿಗೆಂದು ಒಳಗೆ ಬಂದರು. ಜೆಲಾಟಿನ್ ಪ್ಯಾಕೆಟ್ಟಿನೊಳಗೆ ಬೆರಳು ಹಾಕಿ, ಆ ಪುಡಿಯ ಸಣ್ಣ ಹರಳುಗಳನ್ನು ಹೆಬ್ಬೆರಳಿನಲ್ಲಿ ಉಜ್ಜಿ, ಮೂಸಿ ನೋಡಿದರು. ಅವರ ಮುಖದಲ್ಲಿ ಹಳೆಯ ಗೆಳೆಯನನ್ನು ಕಂಡ ಕಳೆ.

"ಅಮ್ಮಾ, ಇದು ಅಂಟಲ್ವಾ?" ಎಂದರು. "ಅಂಟನ್ನ ಯಾರಾದ್ರೂ ಕುದಿಸ್ತಾರಾ?"

ವಿಷಯ ಇಷ್ಟೇ. ಹಳೆಯ ಕುರ್ಚಿಗಳ ಕೀಲಿಗೆ ಮಾವ ಇವತ್ತಿಗೂ ಟ್ಯೂಬಿನ ಅಂಟು ಹಾಕುವುದಿಲ್ಲ. ದನದ ಮೂಳೆ, ಚರ್ಮದಿಂದ ತೆಗೆದ, ಹರಳಿನಂತಿರುವ ಅಂಟನ್ನು ತಣ್ಣೀರಿನಲ್ಲಿ ನೆನೆಸಿ, ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಿ ಹಚ್ಚುತ್ತಾರೆ; ಕುದಿಸಿದರೆ ಅದರ ಹಿಡಿತ ಹೋಗುತ್ತದೆ. ಜೆಲಾಟಿನ್ ಅದರದೇ ಕುಲ, ಸ್ವಲ್ಪ ಸ್ನಾನ ಮಾಡಿಸಿದ್ದು ಅಷ್ಟೆ. ನಲವತ್ತು ವರ್ಷದಿಂದ ಅವರು ಶೆಡ್ಡಿನಲ್ಲಿ ದಿನಾ ಮಾಡುತ್ತಿದ್ದ ಕೆಲಸಕ್ಕೆ ನಾನು ಅಡುಗೆಮನೆಯಲ್ಲಿ ತಲೆ ಚಚ್ಚಿಕೊಳ್ಳುತ್ತಿದ್ದೆ. ಅವರು ತಮ್ಮ ಅಂಟಿನ ಪಾತ್ರೆಯನ್ನೇ ತರಲು ಹೊರಟಾಗ ಮಾತ್ರ ನಾನು ಬಾಗಿಲಿಗೆ ಅಡ್ಡ ನಿಂತು, ಹೊಸ ಪಾತ್ರೆ ತೆಗೆದುಕೊಟ್ಟೆ.

ಮೊದಲು ತಣ್ಣೀರು. ಅದರ ಮೇಲೆ ಪುಡಿಯನ್ನು ಉದುರಿಸಿ, ಮುಟ್ಟದೆ ಹತ್ತು ನಿಮಿಷ ಬಿಟ್ಟರು. ಅದು ನೀರು ಕುಡಿದು ಉಬ್ಬಿತು. ಬಿಸಿನೀರಿನ ಮೇಲಿಟ್ಟಾಗ ಸದ್ದಿಲ್ಲದೆ ಕರಗಿತು. ಕೋಕೋ ಬೆರೆಸಿದ ಬೆಚ್ಚನೆಯ ಕೆನೆಗೆ ಅದನ್ನು ಸುರಿದು, ಸೌಟನ್ನು ಎತ್ತಿ ಹಿಡಿದು ನೋಡಿದರು. ನೂಲಿನಂತೆ ಇಳಿಯಬೇಕಂತೆ. ಇಳಿಯಲಿಲ್ಲವೆಂದು ಮತ್ತೆ ನೆನೆಸಿ, ಕರಗಿಸಿ, ಇನ್ನಷ್ಟು ಸೇರಿಸಿದರು. ಒಟ್ಟು ಆರು ಚಮಚವಾಯಿತು. ನಾನು ಬಾಯಿ ಮುಚ್ಚಿಕೊಂಡು ನೋಡಿದೆ. ತಿಳಿದವರು ಕೆಲಸ ಮಾಡುವಾಗ ಮಧ್ಯೆ ಬಾಯಿ ಹಾಕಬಾರದಲ್ಲ.

ಸಂಜೆ ಬಟ್ಟಲು ಮಗುಚಿದರೆ ಆ ವಸ್ತು ಮೇಜಿನ ಮೇಲೆ ಬಿದ್ದು ಒಮ್ಮೆ ಪುಟಿಯಿತು. ಅತ್ತೆ ಒಂದು ಚೂರು ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಅಗಿದರು.

"ರುಚಿ ಚೆನ್ನಾಗಿದೆ. ಹಲ್ಲು ಕಿತ್ತು ಬಂದ್ರೆ ಇದರಲ್ಲೇ ವಾಪಸ್ ಕೂರಿಸಿಬಿಡಿ," ಎಂದರು.

ನನ್ನ ಗಂಡ ನಕ್ಕು ನಕ್ಕು ಎದ್ದು ಹೊರಗೆ ಹೋದರು. ಮಾವ ನಗಲಿಲ್ಲ. ಉಳಿದ ಚೂರನ್ನು ಒತ್ತಿ ನೋಡುತ್ತ, "ಇಷ್ಟು ವರ್ಷ ಕೀಲು ಬಿಡಬಾರದು ಅಂತ ಅಂಟು ಕಾಯಿಸ್ದೆ. ಇದು ಬಾಯಲ್ಲಿ ಬಿಡಬೇಕು. ಅದನ್ನ ಕಲೀಬೇಕು," ಎಂದು ಎದ್ದುಹೋದರು. ಅವರು ಒಂದೇ ಸಲಕ್ಕೆ ಅಷ್ಟು ಮಾತಾಡಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ.

ಅಂದಿನಿಂದ ದಿನಾ ಮಧ್ಯಾಹ್ನ ಕೈ ತೊಳೆದು, ಉಗುರಿನ ಸಂದಿಯ ಮರದ ಪುಡಿ ಕೆರೆದು, ಮಾವ ಅಡುಗೆಮನೆಗೆ ಬರತೊಡಗಿದರು. ತಾವೂ ಟೀಗೆ ಸಕ್ಕರೆ ಬಿಟ್ಟರು, ಯಾರಿಗೂ ಹೇಳಲಿಲ್ಲ. ಸಕ್ಕರೆ ಡಬ್ಬಿ ಖಾಲಿಯಾಗದ್ದನ್ನು ನೋಡಿ ನನಗೆ ಗೊತ್ತಾಯಿತು. ಅತ್ತೆ ಊಟವಾದ ಮೇಲೆ ತಮ್ಮ ಬಟ್ಟಲಿಗಾಗಿ ಕಾಯುತ್ತಿದ್ದರು. ಸ್ವೆಟರಿನ ಜೇಬಿಗೆ ನಾನು ವಾರಕ್ಕೊಮ್ಮೆ ಕೈ ಹಾಕುತ್ತಿದ್ದೆ. ಕರವಸ್ತ್ರ ಬಿಟ್ಟರೆ ಏನೂ ಸಿಗಲಿಲ್ಲ.

ಮೂರು ತಿಂಗಳಿಗೆ ಸಕ್ಕರೆ ಇಳಿಯಿತು. ಡಾಕ್ಟರು ರಿಪೋರ್ಟ್ ನೋಡಿ ತಾರೀಕು ಬರೆದುಕೊಟ್ಟಾಗ ನನ್ನ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಮಾತ್ರೆಯೂ ಇತ್ತು, ನಡಿಗೆಯೂ ಇತ್ತು, ಡಾಕ್ಟರ ಕೈಗುಣವೂ ಇತ್ತು. ಆದರೆ ನಾನು ಮನಸ್ಸಿನಲ್ಲಿ ಕೈ ಮುಗಿದದ್ದು ಆ ಮೂಕ ಮುದುಕರಿಗೆ. ನನ್ನ ಅಪ್ಪ ನನ್ನ ಅಮ್ಮನಿಗೆ ಒಂದು ಲೋಟ ನೀರು ಕೊಟ್ಟದ್ದನ್ನೂ ನಾನು ನೋಡಿರಲಿಲ್ಲ. ಇಂಥ ಮನೆಗೆ ಬಂದು ಸೇರಿದೆನಲ್ಲ, ಅಷ್ಟು ಪುಣ್ಯ ಸಾಕು.

ಎರಡೂ ಕಣ್ಣಿನ ಆಪರೇಷನ್ ಮುಗಿದು ಹೊಸ ಕನ್ನಡಕ ಬಂದ ದಿನ, ಅತ್ತೆ ತಾವೇ ಟೀ ಹಿಡಿದುಕೊಂಡು ಶೆಡ್ಡಿಗೆ ಹೊರಟರು. ಮೆಟ್ಟಿಲಿನಲ್ಲಿ ಎಡವಿದರೆ ಎಂದು ನಾನು ಹಿಂದೆಯೇ ಹೋದೆ. ಮಾವನ ಕೆಲಸದ ಮೇಜಿನ ಮೇಲೆ ಗೋಡೆಗೆ ಒಂದು ಹಲಗೆ ಹೊಡೆದಿದೆ. ಯಾವ ಕೆಲಸಕ್ಕೆ ಎಷ್ಟು ಅಂಟು, ಎಷ್ಟು ನೀರು ಎಂದು ಅವರು ಪೆನ್ಸಿಲಿನಲ್ಲಿ ಬರೆದಿಡುವುದು ಅದರ ಮೇಲೆ. ಅತ್ತೆ ಅದರ ಮುಂದೆ ನಿಂತು, ಹೊಸ ಕಣ್ಣಿನ ಖುಷಿಗೆ, ಒಂದೊಂದೇ ಸಾಲನ್ನು ಜೋರಾಗಿ ಓದಿದರು.

"ಕಪಾಟಿನ ಬಾಗಿಲು, ಒಂದಕ್ಕೆ ಎರಡು. ಕುರ್ಚಿ ಕಾಲು, ಒಂದಕ್ಕೆ ಒಂದೂವರೆ. ಮನೆಯವಳಿಗೆ..." ಎಂದವರು ನಿಂತರು. ಆಮೇಲೆ ಮೆಲ್ಲಗೆ ಓದಿದರು. "ಆರು ಚಮಚ, ಹಲ್ಲಿಗೆ ಕಷ್ಟ. ನಾಲ್ಕು, ಸುಮ್ಮನೆ ತಿಂದಳು. ಮೂರು, ಪರವಾಗಿಲ್ಲ ಅಂದಳು, ಸುಳ್ಳು. ಎರಡು, ಬಟ್ಟಲು ಕೆರೆದಳು."

ಎರಡು ಎಂಬುದರ ಕೆಳಗೆ ಗೆರೆ ಎಳೆದಿತ್ತು.

ಅತ್ತೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡರು. "ನಲವತ್ತು ವರ್ಷ ಸಂಸಾರ ಮಾಡಿದ್ದಕ್ಕೆ ಕುರ್ಚಿ ಕಾಲಿನ ಕೆಳಗೆ ಜಾಗ ಕೊಟ್ಟಿದ್ದೀರಾ," ಎಂದರು.

"ಕುರ್ಚಿ ಮೊದಲು ಬಂದಿತ್ತು," ಎಂದರು ಮಾವ. ಉಜ್ಜುಗೊರಡನ್ನು ಕೈಯಲ್ಲಿ ಹಿಡಿದೇ ಇದ್ದರು. ಹಲಗೆಯತ್ತ ತಿರುಗಿ ಕೇಳಿದರು, "ಅಷ್ಟು ಸಣ್ಣಕ್ಷರ ಕಾಣ್ತಾ ಇದೆಯಾ?"

"ಕಾಣ್ತಾ ಇದೆ," ಎಂದರು ಅತ್ತೆ. "ಎಲ್ಲಾ ಕಾಣ್ತಾ ಇದೆ."

ಮಾವ ತಲೆಯಾಡಿಸಿ ಟೀ ಲೋಟ ತೆಗೆದುಕೊಂಡರು. ನಾನು ಒಳಗೆ ಬಂದು, ಕನ್ನಡಕ ಬಂದರೆ ಮತ್ತೆ ಹೊಲಿಯಲು ಕೂರುತ್ತಾರೆಂದು ಬೆಳಿಗ್ಗೆ ಪೋಣಿಸಿಟ್ಟಿದ್ದ ಇಪ್ಪತ್ತು ಸೂಜಿಗಳಿಂದಲೂ ದಾರ ಎಳೆದು ತೆಗೆದೆ. ಇನ್ನು ಅತ್ತೆ ತಾವೇ ಪೋಣಿಸಿಕೊಳ್ಳಲಿ.