ನಾಲ್ಕು ಕುರ್ಚಿಗೆ ಜಾಗ

ಮನೆ ಕಟ್ಟುವುದೇ ಕಷ್ಟ ಎನ್ನುವವರು ಅದರೊಳಗೆ ಕುರ್ಚಿ ಇಟ್ಟು ನೋಡಿಲ್ಲ. ಸೊರಬದಿಂದ ಶಿಕಾರಿಪುರದ ಹೊಸ ಮನೆಗೆ ಸಂಸಾರ ಸಾಗಿಸಿದಾಗ ನಮ್ಮದು ಎರಡು ಗಾಡಿ ಸಾಮಾನು. ಹಂಡೆ, ಒರಳು, ಟ್ರಂಕು, ಹಾಸಿಗೆಯ ಸುರುಳಿ ಎಲ್ಲವೂ ಹೇಳದೆ ಕೇಳದೆ ತಮ್ಮ ತಮ್ಮ ಜಾಗ ಹಿಡಿದುಕೊಂಡವು. ಒರಳಿಗೆ ತಾನು ಎಲ್ಲಿರಬೇಕೆಂದು ಗೊತ್ತು. ಕುರ್ಚಿಗೆ ಗೊತ್ತಿಲ್ಲ.

ನಾನು ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವನು. ಅಕ್ಕಿ ಗಿರಣಿಯಲ್ಲಿ ಮೂಟೆ ಹೊತ್ತು, ಯಂತ್ರದ ಕೆಲಸ ಕಲಿತು, ಈಗ ಮೇಸ್ತ್ರಿಯಾಗಿದ್ದೇನೆ. ಯಾರ ಹಂಗೂ ಇಲ್ಲದೆ ಮೇಲೆ ಬಂದವನು ಎಂದು ನಾನೇ ಹೇಳಿಕೊಳ್ಳುತ್ತೇನೆ. ಬೇರೆಯವರು ಹೇಳುವವರೆಗೆ ಕಾಯುವಷ್ಟು ಬಿಡುವು ನನಗಿಲ್ಲ. ಆನವಟ್ಟಿಯ ಬಡಗಿಯಿಂದ ಹೊನ್ನೆ ಮರದ ನಾಲ್ಕು ಕುರ್ಚಿ ಮಾಡಿಸಿದ್ದೂ ಆ ಹೆಮ್ಮೆಯಿಂದಲೇ. ನನ್ನ ಮನೆಗೆ ಬಂದವರು ಯಾರೂ ನಿಂತಿರಬಾರದು. ಅದರಲ್ಲೂ ನಮ್ಮಕ್ಕ ಕೂರಬೇಕು. ತಾಯಿಯಿಲ್ಲದ ನನ್ನನ್ನು ಸಾಕಿದವಳು ಅವಳು. ಕುಪ್ಪಗಡ್ಡೆಯಲ್ಲಿ ಕಂಡವರ ಗದ್ದೆಗೆ ಸಸಿ ನೆಟ್ಟು ನೆಟ್ಟು ಮಂಡಿ ಹೋಗಿದೆ. ನೆಲಕ್ಕೆ ಕೂತರೆ ಎಬ್ಬಿಸಲು ಇಬ್ಬರು ಬೇಕು. ಅವಳು ಮನೆ ನೋಡಲು ಬರುವುದರೊಳಗೆ ಕುರ್ಚಿಗಳಿಗೊಂದು ಜಾಗ ಆಗಬೇಕಿತ್ತು.

ಮೊದಲು ನಾಲ್ಕನ್ನೂ ಗೋಡೆಗೆ ಸಾಲಾಗಿ ಇಟ್ಟೆ. ಪಡಸಾಲೆ ಆಸ್ಪತ್ರೆಯಂತೆ ಕಂಡಿತು. ಎದುರುಬದುರು ಇಟ್ಟೆ. ಪೊಲೀಸರ ವಿಚಾರಣೆ ಇದ್ದ ಹಾಗಿದೆ ಎಂದಳು ನನ್ನ ಹೆಂಡತಿ ಗೌರಿ. ಬೀದಿಗೆ ಮುಖ ಮಾಡಿಸಿದೆ. ಹೋಗಿ ಬರುವವರು, ಈಗೇನೋ ನಾಟಕ ಶುರುವಾಗುತ್ತದೆಂದು ನಿಂತು ನೋಡತೊಡಗಿದರು.

ನನಗೆ ಅನಿಸುವುದು ಇಷ್ಟು: ನಮ್ಮ ಜನಕ್ಕೆ ಕುರ್ಚಿಯೆಂದರೆ ಕೂರುವ ವಸ್ತುವಲ್ಲ, ಎದುರಿಗೆ ನಿಲ್ಲುವ ವಸ್ತು. ರಾಜರಿದ್ದಾಗ ಸಿಂಹಾಸನ ಒಂದೇ ಇತ್ತು, ಅದೂ ದೂರದ ಮೈಸೂರಿನಲ್ಲಿ. ನಮಗೇನೂ ತೊಂದರೆ ಇರಲಿಲ್ಲ. ರಾಜರ ಕಾಲ ಮುಗಿದ ಮೇಲೆ ಅದು ಮರಿ ಹಾಕಿ, ಕಚೇರಿಗೊಂದು, ಶಾಲೆಗೊಂದು ಎಂದು ಊರೂರಿಗೂ ಹಂಚಿಹೋಯಿತು. ಇದನ್ನೇ ಪ್ರಜಾಪ್ರಭುತ್ವ ಎನ್ನುತ್ತಾರೆಂದು ಓದಿದವರು ಹೇಳುತ್ತಾರೆ. ನಾನು ಓದಿಲ್ಲ.

ಮನೆ ನೋಡಲು ಬಂದ ನೆಂಟರೊಬ್ಬರು ಕುರ್ಚಿಯ ಮೇಲೆ ತಮ್ಮ ಟವಲು ಕೂರಿಸಿ, ತಾವು ಕೆಳಗೆ ಕೂತರು. ಇನ್ನೊಬ್ಬರು ಹೊಸ್ತಿಲಲ್ಲೇ ನಿಂತು, "ಯಾರೋ ದೊಡ್ಡೋರು ಬರೋರಿದಾರೆ ಅಂತ ಕಾಣುತ್ತೆ, ನಾ ಆಮೇಲೆ ಬರ್ತೀನಿ ಬಿಡ್ರೀ," ಎಂದು ಹೊರಟೇ ಹೋದರು. ವಾರ ಕಳೆಯುವುದರೊಳಗೆ ಗೌರಿ ಕುರ್ಚಿಗಳ ಮೇಲೆ ಹಪ್ಪಳ ಹರವಲು ಶುರುಮಾಡಿದಳು.

ಅಂತೂ ಅಕ್ಕ ಬಂದಳು. ಕುರ್ಚಿಯ ಬೆನ್ನು ಸವರಿ ನೋಡಿ, ಗೋಡೆ ಹಿಡಿದು ನಿಂತಳು.

"ಕೂತ್ಕಳೇ ಅಕ್ಕ."

"ಬ್ಯಾಡ ಮಾರಾಯ. ಬಾಗ್ಲು ತೆಗ್ದಿದೆ, ಹೋಗೋರೆಲ್ಲ ನೋಡ್ತಾರೆ. ಗದ್ದೆ ಕೆಲಸದೋಳಿಗೆ ಇದೆಂತ ಸೊಕ್ಕು ಅಂತಾರೆ."

ಒಂದು ಕುರ್ಚಿಯನ್ನು ಮೂಲೆಗೆ ಒಯ್ದೆ.

"ಅಲ್ಲಿ ಕೂತ್ರೆ ಮುನಿಸ್ಕಂಡೋಳ ಹಾಗೆ ಕಾಣುತ್ತೆ."

ದೇವರ ಗೂಡಿನ ಕಡೆಗೆ ತಿರುಗಿಸಿದೆ.

"ದೇವ್ರ ಎದುರಿಗೆ ಕಾಲು ಇಳಿಬಿಟ್ಕಂಡು ಕೂರೂದಾ?"

ಹೀಗೆ ನಾನು ಕುರ್ಚಿ ಹೊತ್ತೆ, ಅವಳು ನಿಂತಳು. ಗಿರಣಿಯ ಮೂಟೆಯೂ ನನಗೆ ಇಷ್ಟು ಬೆವರು ತರಿಸಿರಲಿಲ್ಲ.

ಅಷ್ಟರಲ್ಲಿ ಯಾವುದೋ ಕಚೇರಿಯ ಜವಾನನೊಬ್ಬ ಒಳಗೆ ಬಂದ. ನಾನು ಯಾರ ಹಂಗೂ ಇಲ್ಲದವನು ಅಂದೆನಲ್ಲ. ಅವನ ಖಾಕಿ ಕೋಟು ಕಂಡದ್ದೇ ತಡ, ಅಕ್ಕನಿಗೆಂದು ಹಿಡಿದಿದ್ದ ಕುರ್ಚಿಯನ್ನು ನನ್ನ ಪಂಚೆಯಿಂದಲೇ ಒರೆಸಿ ಅವನ ಮುಂದಿಟ್ಟು, ಕೈಕಟ್ಟಿ ನಿಂತೆ. ಅವನು ಕಾಲ ಮೇಲೆ ಕಾಲು ಹಾಕಿ ಕೂತ.

"ನಿಮ್ಮಲ್ಲಿ ನಾಕು ಕುರ್ಚಿ ಅದಾವಂತಲ್ರೀ. ನಾಳೆ ಸಾಹೇಬ್ರ ಮೀಟಿಂಗ್ ಐತಿ, ರೈತರ ಏಳಿಗೆ ಬಗ್ಗೆ. ಹೆಂಗೂ ಖಾಲಿ ಇರ್ತಾವು, ಕೊಟ್ಬಿಡ್ರಿ. ಮೀಟಿಂಗ್ ಮುಗಿದ ಮ್ಯಾಲೆ ನಿಧಾನಕ್ಕೆ ಕಳಿಸ್ತೀವಿ."

ಕಚೇರಿಯ ನಿಧಾನ ಎಂದರೆ ಎಷ್ಟು ನಿಧಾನ ಎಂಬುದು ಎಲ್ಲರಿಗೂ ಗೊತ್ತು. ಆದರೂ "ಆಗಲಿ ಸ್ವಾಮಿ" ಎನ್ನಲು ನನ್ನ ಬಾಯಿ ತಾನಾಗಿ ತೆರೆಯಿತು.

ಹಿಂದೆ ಮರ ಕಿರುಗುಟ್ಟಿತು. ತಿರುಗಿ ನೋಡಿದರೆ, ಬಾಗಿಲಿಗೆ ನೇರ ಎದುರಿಗಿದ್ದ ಕುರ್ಚಿಯಲ್ಲಿ ಅಕ್ಕ ಕೂತಿದ್ದಾಳೆ.

"ಯಾರಪ್ಪ ಖಾಲಿ ಅಂದಿದ್ದು? ನಾ ಕೂತಿದೀನಲ್ಲ," ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ನೀನೆಂತಕ್ಕೆ ನಿಂತ್ಕಂಡಿದೀಯ? ಮನೆ ನಿಂದಾ ಅವ್ರದಾ? ಕೂತ್ಕ. ಏ ಗೌರಿ, ಒಲೆ ಹಾಗೇ ಇರ್ಲಿ, ನೀನೂ ಬಾರೇ."

ಗೌರಿ ಬಂದು ಹಪ್ಪಳ ಸರಿಸಿ ಕೂತಳು. ನಾನೂ ಕೂತೆ, ಅಂಚಿಗೆ. ಮೂವರೂ ಜವಾನನನ್ನೇ ನೋಡಿದೆವು. ಅವನ ಕಾಲು ಕೆಳಗಿಳಿಯಿತು. ಸ್ವಲ್ಪ ಹೊತ್ತಿಗೆ ಅವನೂ ಎದ್ದ.

"ಹಂಗಾರ ಇದೊಂದಾದ್ರೂ ಕೊಡ್ರಿ," ಎಂದ.

"ತಗಂಡ್ಹೋಗಪ್ಪ. ಈಗ ಅದು ಖಾಲಿ," ಎಂದಳು ಅಕ್ಕ.

ಅವನು ಅದೊಂದನ್ನೇ ತಲೆಯ ಮೇಲೆ ಹೊತ್ತು ನಡೆದ. ಮೀಟಿಂಗ್ ಬಹಳ ಚೆನ್ನಾಗಿ ಆಯಿತೆಂದು ಆಮೇಲೆ ಕೇಳಿದೆ. ಒಂದೇ ಕುರ್ಚಿ ಸಾಕಾಯಿತಂತೆ. ಕೂರುವವರು ಸಾಹೇಬರೊಬ್ಬರೇ, ಏಳಿಗೆಯಾಗಬೇಕಾದವರಿಗೆಲ್ಲ ನಿಂತು ಅಭ್ಯಾಸವಿತ್ತು.

ಆವತ್ತು ಊಟಕ್ಕೆ ಕರೆದರೆ ಅಕ್ಕ ಏಳಲಿಲ್ಲ. ನೋಯುವ ಕಾಲನ್ನು ಇನ್ನಷ್ಟು ಮುಂದೆ ಚಾಚಿ, "ಇಲ್ಲಿಗೇ ತಂದು ಬಡ್ಸು ಗೌರಿ. ಎದ್ರೆ ಖಾಲಿ ಅಂತಾರೆ," ಎಂದಳು.